ದೋಣಿ ಇಳಿಸೋದು ಸುಲಭ, ಮೇಲೆತ್ತೋದು? – ದಡಕ್ಕೆ ಎಳೆದವರ ಚರಿತ್ರೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಮಾತಿನ ಓಘದಲ್ಲಿ ಬಿಟ್ಟುಹೋದ ಕೆಲವು ವಿಷಯ ಸೇರಿಸಿದ್ದೀನಿ. ಲೋಕಲ್ ಟ್ರೇನಿನಲ್ಲಿ, ಕ್ಯಾಬಿನಲ್ಲಿ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಯೂಟ್ಯೂಬಿನಲ್ಲಿ ಒಂದು ಜಾತಿಯ ವಿಡಿಯೋಗಳಿವೆ, ನೀವೂ ನೋಡಿರ್ತೀರಿ. ಅಮೆರಿಕದ ಯಾವುದೋ ಸರೋವರದ ದಡ. ನೀರಿನೊಳಗೆ ಇಳಿಯೋ ಕಾಂಕ್ರೀಟ್ ಇಳಿಜಾರು, ಅದನ್ನ ರ‍್ಯಾಂಪ್ ಅಂತಾರೆ. ಒಬ್ಬ ತನ್ನ ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ರಿವರ್ಸ್ ಬರ್ತಾನೆ. ದೋಣಿಯನ್ನ ಟ್ರೇಲರ್ ಮೇಲೆ ಹತ್ತಿಸಬೇಕು. ಗಾಳಿ ದೋಣಿಯನ್ನ ಪಕ್ಕಕ್ಕೆ ತಳ್ಳುತ್ತೆ, ಹೆಂಡತಿ ಒಂದು ಕಡೆಯಿಂದ ಕೂಗ್ತಾಳೆ, ಸಾಲಿನಲ್ಲಿ ನಿಂತವರು ಹಾರ್ನ್ ಹೊಡೀತಾರೆ, ಕೊನೆಗೆ ದೋಣಿ ಓರೆಯಾಗಿ ಕೂರುತ್ತೆ, ಇಲ್ಲಾಂದ್ರೆ ಗಾಡಿಯೇ ನೀರಿಗೆ ಇಳಿದುಬಿಡುತ್ತೆ. ಲಕ್ಷಾಂತರ ಜನ ನೋಡಿ ನಗ್ತಾರೆ.

ನಗೋದು ಸರಿ. ಆದರೆ ಆ ಮನುಷ್ಯ ಒದ್ದಾಡ್ತಾ ಇರೋ ಸಮಸ್ಯೆ ಕಡಿಮೆ ಅಂದ್ರೂ ಎರಡೂವರೆ ಸಾವಿರ ವರ್ಷ ಹಳೇದು. ಅದಕ್ಕೆ ಗ್ರೀಕರು ರಸ್ತೆ ಮಾಡಿದರು, ಒಬ್ಬ ಸುಲ್ತಾನ ಅದನ್ನ ಬಳಸಿ ಒಂದು ಸಾಮ್ರಾಜ್ಯದ ರಾಜಧಾನಿಯನ್ನ ಗೆದ್ದ, ಒಬ್ಬ ಸ್ಕಾಟಿಷ್ ಬಡಗಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ನಮ್ಮ ಪಕ್ಕದ ಕೇರಳದಲ್ಲಿ ಅದನ್ನೇ ಕುಲಕಸುಬು ಮಾಡಿಕೊಂಡ ಜನ ಇದ್ದಾರೆ. ಅವರ ಕಥೆಗೂ ಬೆಂಗಳೂರಿಗೂ ಒಂದು ಸಂಬಂಧ ಇದೆ, ಅದು ಕೊನೆಗೆ ಬರುತ್ತೆ.

ಮೊದಲು ಕಷ್ಟ ಎಲ್ಲಿದೆ ನೋಡೋಣ. ದೋಣಿ ನೀರಿನಲ್ಲಿರುವಾಗ ಅದರ ಪೂರ್ತಿ ಭಾರವನ್ನ ನೀರೇ ಹೊತ್ತಿರುತ್ತೆ. ಒಂದು ಟನ್ ತೂಕದ ದೋಣಿಯನ್ನ ಒಬ್ಬ ಹುಡುಗ ಒಂದು ಹಗ್ಗ ಹಿಡಿದು ಅತ್ತಿತ್ತ ಆಡಿಸಬಹುದು. ಅದೇ ದೋಣಿ ನೆಲದ ಮೇಲೆ ಬಂದರೆ ಒಂದು ಟನ್ ಅಂದ್ರೆ ಒಂದು ಟನ್. ಎಂಟಕ್ಕೆ ಒಂದರ ಇಳಿಜಾರಿನಲ್ಲಿ ಅದನ್ನ ಮೇಲಕ್ಕೆ ಎಳೆಯೋಕೆ 125 ಕೆಜಿ ಎತ್ತುವಷ್ಟು ಬಲ ಬೇಕು, ಅದರ ಮೇಲೆ ಘರ್ಷಣೆ ಬೇರೆ. ಇದೂ ದೊಡ್ಡದಲ್ಲ ಅನ್ನಿ. ನಿಜವಾದ ತಾಪತ್ರಯ ಇರೋದು ಎರಡರ ನಡುವೆ. ಅರ್ಧ ಭಾರ ನೀರಿನ ಮೇಲೆ, ಅರ್ಧ ಭಾರ ಟ್ರೇಲರ್ ಮೇಲೆ ಇರೋ ಆ ಒಂದೆರಡು ನಿಮಿಷ. ಮೂತಿ ಕೂತಿದೆ, ಹಿಂಭಾಗ ಇನ್ನೂ ತೇಲ್ತಾ ಇದೆ. ಟ್ರೇಲರನ್ನ ತುಂಬಾ ಆಳಕ್ಕೆ ಇಳಿಸಿದ್ರೆ ದೋಣಿ ಅದರ ಮೇಲೆ ಎಲ್ಲಿ ಬೇಕಾದರೂ ತೇಲುತ್ತೆ, ಗಾಡಿ ಮೇಲಕ್ಕೆ ಬಂದಾಗ ಓರೆಯಾಗಿ ಕೂತುಬಿಡುತ್ತೆ. ಕಡಿಮೆ ಇಳಿಸಿದ್ರೆ ಒಣಭಾರವನ್ನ ಕೈರಾಟೆಯಿಂದ ಎಳೀಬೇಕು. ಇಳಿಸುವಾಗ ಈ ತೊಂದರೆ ಇಲ್ಲ, ಅಲ್ಲಿ ಭೂಮಿಯ ಸೆಳೆತ ನಿಮ್ಮ ಕಡೆಗಿದೆ, ನೀರು ಬಂದು ಭಾರ ತಗೊಳ್ಳುತ್ತೆ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳೋದಾದ್ರೆ ಡಿಪ್ಲಾಯ್ ಮಾಡೋಕೆ ಒಂದು ಬಟನ್, ರೋಲ್‌ಬ್ಯಾಕ್ ಮಾಡೋಕೆ ಇಡೀ ಶುಕ್ರವಾರ ರಾತ್ರಿ.

ಈ ವಿಷಯದಲ್ಲಿ ಎಲ್ಲಕ್ಕಿಂತ ಹಳೆಯ ಷೋ ಕೊಟ್ಟವನು ಆರ್ಕಿಮಿಡೀಸ್. ಪ್ಲುಟಾರ್ಕ್ ಹೇಳೋ ಕಥೆ: ಸಿರಕ್ಯೂಸ್‌ನ ರಾಜ ಹಿಯೆರೋ ಸವಾಲು ಹಾಕ್ತಾನೆ. ಆರ್ಕಿಮಿಡೀಸ್ ಮೂರು ಕೂವೆಯ ಒಂದು ಸರಕು ಹಡಗನ್ನ ಆರಿಸಿಕೊಳ್ತಾನೆ. ಅದನ್ನ ಬಹಳ ಜನ ಬಹಳ ಕಷ್ಟಪಟ್ಟು ಆಗಲೇ ದಡಕ್ಕೆ ಎಳೆದಿದ್ದರು. ಅದರಲ್ಲಿ ಸರಕನ್ನೂ ಜನರನ್ನೂ ತುಂಬಿಸಿ, ತಾನು ದೂರದಲ್ಲಿ ಕೂತು, ರಾಟೆಗಳ ಸರಣಿಯ ಹಗ್ಗವನ್ನ ಕೈಯಲ್ಲಿ ಮೆಲ್ಲಗೆ ಎಳೆದು ಹಡಗನ್ನ ಜರುಗಿಸಿಬಿಡ್ತಾನೆ. ಕಥೆಯನ್ನ ಎಷ್ಟು ನಂಬಬೇಕೋ ನಿಮಗೆ ಬಿಟ್ಟಿದ್ದು, ಪ್ಲುಟಾರ್ಕ್ ಬರೆದದ್ದು ಆರ್ಕಿಮಿಡೀಸ್ ಸತ್ತು ಮುನ್ನೂರು ವರ್ಷ ಆದ ಮೇಲೆ. ಆದರೆ ಅದರಲ್ಲಿರೋ ಲೆಕ್ಕ ಸರಿ. ರಾಟೆ ಬಲವನ್ನ ಸೃಷ್ಟಿಸಲ್ಲ, ದೂರ ಕೊಟ್ಟು ಬಲ ಕೊಂಡುಕೊಳ್ಳುತ್ತೆ. ನಾಲ್ಕು ಪಟ್ಟು ಬಲ ಬೇಕು ಅಂದ್ರೆ ಹಡಗು ಒಂದು ಮೀಟರ್ ಜರುಗೋಕೆ ನೀವು ನಾಲ್ಕು ಮೀಟರ್ ಹಗ್ಗ ಎಳೀಬೇಕು. ನನಗೆ ಆ ಕಥೆಯಲ್ಲಿ ಕಾಡೋದು ಇನ್ನೊಂದು. ಹಡಗನ್ನ ಮೊದಲು ದಡಕ್ಕೆ ತಂದ ಆ ಬಹಳ ಜನ ಯಾರು? ಪ್ಲುಟಾರ್ಕ್ ಅರ್ಧ ವಾಕ್ಯದಲ್ಲಿ ಮುಗಿಸ್ತಾನೆ.

ಅದಕ್ಕೂ ಮುಂಚೆಯೇ, ಕ್ರಿಸ್ತಪೂರ್ವ 600ರ ಹೊತ್ತಿಗೆ, ಗ್ರೀಸಿನ ಕೊರಿಂಥ್ ಬಳಿ ಡಿಯೋಲ್ಕೋಸ್ ಅನ್ನೋ ಕಲ್ಲುಹಾಸಿನ ದಾರಿ ಇತ್ತು. ಎರಡು ಸಮುದ್ರಗಳ ನಡುವಿನ ಸಣ್ಣ ನೆಲದ ಪಟ್ಟಿ. ಸುತ್ತಿಕೊಂಡು ಹೋಗೋ ಬದಲು ಹಡಗನ್ನೋ ಸರಕನ್ನೋ ಗಾಡಿಯ ಮೇಲೇರಿಸಿ ಈ ಕಡೆಯಿಂದ ಆ ಕಡೆಗೆ ಎಳೆದುಬಿಡೋದು. 1950ರ ದಶಕದ ಕೊನೆಗೆ ನಿಕೋಲಾಸ್ ವೆರ್ಡೆಲಿಸ್ ಇದರ ಒಂದು ಭಾಗವನ್ನ ಅಗೆದು ತೆಗೆದಾಗ ಕಲ್ಲಿನಲ್ಲಿ ಸುಮಾರು 1.6 ಮೀಟರ್ ಅಂತರದ ಜೋಡಿ ಚಕ್ರದ ಹಳ್ಳಗಳು ಸಿಕ್ಕಿದವು. ಕೆಲವರು ಅದನ್ನ ಜಗತ್ತಿನ ಮೊದಲ ರೈಲುಹಾದಿ ಅಂತಲೂ ಕರೀತಾರೆ, ಅದು ಸ್ವಲ್ಪ ಉತ್ಸಾಹ ಜಾಸ್ತಿಯಾದ ಮಾತು. ಇಡೀ ಹಡಗುಗಳು ದಿನಾ ಹೋಗ್ತಿದ್ವಾ, ಇಲ್ಲಾ ಬರೀ ಅಮೃತಶಿಲೆ, ಮರದಂಥ ಭಾರದ ಸರಕಾ ಅನ್ನೋದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಯುದ್ಧಕಾಲದಲ್ಲಿ ಹಡಗುಗಳನ್ನ ಎಳೆದದ್ದಕ್ಕೆ ದಾಖಲೆ ಇದೆ. ಅಲ್ಲಿ ಕಾಲುವೆ ತೋಡಿ ಮುಗಿಸಿದ್ದು 1893ರಲ್ಲಿ.

ಈಗ ಕಾನ್ಸ್ಟಾಂಟಿನೋಪಲ್‌ಗೆ ಬರೋಣ. 1453. ಓಟೊಮನ್ ಸುಲ್ತಾನ ಎರಡನೇ ಮೆಹ್ಮದ್‌ಗೆ ಆಗ 21 ವರ್ಷ. ನಗರದ ಪಕ್ಕದ ಗೋಲ್ಡನ್ ಹಾರ್ನ್ ಅನ್ನೋ ಸಮುದ್ರದ ಚಾಚಿಗೆ ಅಡ್ಡಲಾಗಿ ಬೈಜಾಂಟಿನರು ದೊಡ್ಡ ಕಬ್ಬಿಣದ ಸರಪಳಿ ಕಟ್ಟಿದ್ದರು. ಅವನ ನೌಕಾಪಡೆ ಒಳಗೆ ಬರೋಕೆ ಆಗ್ತಿಲ್ಲ. ಏಪ್ರಿಲ್ 22ರಂದು ಸುಮಾರು 70 ಹಡಗುಗಳು ಗಲಾಟಾ ಗುಡ್ಡದ ಹಿಂದಿನಿಂದ, ನೆಲದ ಮೇಲಿಂದ, ಸರಪಳಿಯ ಒಳಗಡೆ ಇಳಿದವು. ಶಾಲೆಯಲ್ಲಿ ನಾವೆಲ್ಲ ಕೇಳಿದ್ದು ಇಷ್ಟು: ಕೊಬ್ಬು ಸವರಿದ ದಿಮ್ಮಿಗಳ ಮೇಲೆ ಜಾರಿಸಿದರು. ಅದು ನಿಜ. ಆದರೆ ಚುರುಕು ಕೆಲಸ ನಡೆದದ್ದು ನೀರಿನ ಅಂಚಿನಲ್ಲಿ. ಮರದ ತೊಟ್ಟಿಲಿನಂಥ ಚೌಕಟ್ಟುಗಳನ್ನ ಮೊದಲು ನೀರೊಳಗೆ ಇಳಿಸಿದರು. ತೇಲ್ತಾ ಇದ್ದ ಹಡಗನ್ನ ಅದರ ಮೇಲೆ ತಂದು ಕಟ್ಟಿದರು. ಆಮೇಲೆ ರಾಟೆ ಹಗ್ಗ ಹಾಕಿ, ಎತ್ತುಗಳನ್ನೂ ಜನರನ್ನೂ ಹೂಡಿ, ತೊಟ್ಟಿಲ ಸಮೇತ ಮೇಲಕ್ಕೆ ಎಳೆದರು. ಅಂದ್ರೆ ಟ್ರೇಲರ್ ನೀರಿಗಿಳಿದು ದೋಣಿಯನ್ನ ಕರಕೊಂಡು ಬಂತು! ಸುಲ್ತಾನನ ಚರಿತ್ರೆ ಬರೆದ ಕ್ರಿಟೊಬುಲೋಸ್ ಪ್ರಕಾರ ನಾವಿಕರು ಹಡಗಿನ ಮೇಲೇ ಕೂತು, ಹಾಯಿ ಎತ್ತಿ, ಗಾಳಿಯಲ್ಲೇ ಹುಟ್ಟು ಹಾಕ್ತಾ ಗುಡ್ಡ ದಾಟಿದರು. ಮೇ 29ಕ್ಕೆ ನಗರ ಬಿತ್ತು. ಬಿದ್ದದ್ದು ಬರೀ ಹಡಗುಗಳಿಂದಲ್ಲ, ಫಿರಂಗಿಗಳ ಪಾಲು ದೊಡ್ಡದು. ಆದರೆ ಮೊದಲೇ ಕಡಿಮೆ ಇದ್ದ ರಕ್ಷಕರು ಗೋಲ್ಡನ್ ಹಾರ್ನ್ ಕಡೆಯ ಗೋಡೆಗೂ ಹಂಚಿಹೋಗಬೇಕಾಯಿತು.

ಇದಕ್ಕೆ 14 ವರ್ಷ ಮೊದಲು, 1439ರಲ್ಲಿ, ವೆನಿಸ್‌ನವರು ಆಡಿಜೆ ನದಿಯಿಂದ ಬೆಟ್ಟ ಹತ್ತಿಸಿ ಗಾರ್ಡಾ ಸರೋವರಕ್ಕೆ ತಮ್ಮ ಯುದ್ಧನೌಕೆಗಳನ್ನ ಇಳಿಸಿದ್ದರು. ಆ ಸುದ್ದಿ ಮೆಹ್ಮದ್ ಕಿವಿಗೆ ಬಿದ್ದಿರಬಹುದು ಅಂತ ಕೆಲವರ ಊಹೆ.

ರಾಜರ ಕಥೆ ಸಾಕು. ನನಗೆ ಹೆಚ್ಚು ಇಷ್ಟವಾದವನು ಥಾಮಸ್ ಮಾರ್ಟನ್, ಸ್ಕಾಟ್ಲೆಂಡಿನ ಲೀತ್ ಅನ್ನೋ ಬಂದರಿನ ಹಡಗು ಕಟ್ಟುವವನು. 1781ರಲ್ಲಿ ಹುಟ್ಟಿದ. ಅವನ ಕಾಲದ ಸಮಸ್ಯೆ ಏನು ಅಂದ್ರೆ, ಮರದ ಹಡಗಿನ ತಳವನ್ನ ಆಗಾಗ ನೋಡಲೇಬೇಕು. ಚಿಪ್ಪುಜೀವಿಗಳು ಅಂಟಿಕೊಳ್ತಾವೆ, ಹಡಗುಹುಳ ಮರವನ್ನ ಕೊರೀತದೆ, ಹಲಗೆ ಸಂದಿನಲ್ಲಿ ನೀರು ಜಿನುಗುತ್ತೆ. ನೋಡೋಕೆ ಎರಡೇ ದಾರಿ. ಒಂದು, ಇಳಿತದ ಹೊತ್ತಿಗೆ ಹಡಗನ್ನ ದಡದಲ್ಲಿ ಒಂದು ಮಗ್ಗುಲಿಗೆ ಮಲಗಿಸೋದು. ಪಾಪ, ಹಡಗಿನ ಮೈಕಟ್ಟೇ ಸಡಿಲ ಆಗುತ್ತೆ. ಇನ್ನೊಂದು, ಒಣ ಡಾಕ್. ದೊಡ್ಡ ಕಲ್ಲಿನ ಹೊಂಡ, ಹಡಗನ್ನ ಒಳಗೆ ತಂದು ಬಾಗಿಲು ಹಾಕಿ ನೀರು ಖಾಲಿ ಮಾಡೋದು. ಮುಂಬೈನವರಿಗೆ ಇದು ಗೊತ್ತಿರಬೇಕು, ಸೂರತ್‌ನಿಂದ ಬಂದ ಲವ್ಜಿ ನಸ್ಸರ್‌ವಾಂಜಿ ವಾಡಿಯಾ ಫೋರ್ಟ್ ಕಡೆಯ ಬಾಂಬೆ ಡಾಕ್‌ಯಾರ್ಡಿನಲ್ಲಿ 1750ರಲ್ಲೇ ಅಂಥದ್ದೊಂದನ್ನ ಕಟ್ಟಿದ್ದ. ಆ ಯಾರ್ಡಿನಲ್ಲಿ ವಾಡಿಯಾ ಮನೆತನ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಅನ್ನೋ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲ್ತಾ ಇದೆ. ಆದರೆ ಒಣ ಡಾಕ್ ಅಂದ್ರೆ ಕಂಪನಿ ಸರ್ಕಾರದಂಥವರಿಗೆ ಮಾತ್ರ ಎಟಕೋ ಖರ್ಚು. ಸಣ್ಣ ಬಂದರಿನ ಸಣ್ಣ ಯಾರ್ಡಿನವನು ಏನು ಮಾಡಬೇಕು?

ಮಾರ್ಟನ್ 1819ರಲ್ಲಿ ಪೇಟೆಂಟ್ ತೆಗೆದುಕೊಂಡ. ವಿಚಾರ ಕೇಳಿದ್ರೆ ಇಷ್ಟೇನಾ ಅನಿಸುತ್ತೆ. ದಡದಿಂದ ನೀರಿನ ಆಳಕ್ಕೆ ಇಳಿಯುವ ಇಳಿಜಾರು ಹಳಿ, ಮೂರು ಸಾಲು. ಅದರ ಮೇಲೆ ಸಣ್ಣ ಸಣ್ಣ ಚಕ್ರಗಳ ಒಂದು ಗಟ್ಟಿ ಗಾಡಿ. ಸರಪಳಿ ಬಿಟ್ಟು ಗಾಡಿಯನ್ನ ನೀರೊಳಗೆ ಇಳಿಸೋದು. ಹಡಗನ್ನ ತೇಲಿಸಿಕೊಂಡು ಅದರ ನೇರ ಮೇಲಕ್ಕೆ ತರೋದು. ಮುಳುಗಿರೋ ಗಾಡಿ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು? ಗಾಡಿಗೆ ಉದ್ದನೆಯ ಕೋಲುಗಳನ್ನ ನಿಲ್ಲಿಸಿದ್ದ, ಅವುಗಳ ತುದಿ ನೀರಿನ ಮೇಲೆ ಕಾಣುತ್ತೆ. ಸರಪಳಿ ಎಳೆಯೋಕೆ ಶುರು ಮಾಡಿದಾಗ ಹಡಗಿನ ಬೆನ್ನುಮರ, ಅಂದ್ರೆ ತಳದ ನಡುವಿನ ಉದ್ದ ತೊಲೆ, ಮೊದಲು ಗಾಡಿಯ ಮೇಲೆ ಕೂರುತ್ತೆ. ತಕ್ಷಣ ಎರಡೂ ಬದಿಯಿಂದ ಮರದ ದಿಮ್ಮಿಗಳನ್ನ ಹಗ್ಗದಿಂದ ಎಳೆದು ಹೊಟ್ಟೆಯ ಕೆಳಗೆ ತೂರಿಸೋದು, ಹಡಗು ವಾಲದ ಹಾಗೆ. ಆಮೇಲೆ ಎಳೀತಾ ಹೋಗೋದು, ಅಷ್ಟೇ.

ಈಗ ಯಾವುದಾದರೂ ದೋಣಿ ಟ್ರೇಲರನ್ನ ನೋಡಿ. ಹಿಂದೆ ಎರಡು ಬಿಳಿ ಪಿವಿಸಿ ಕೊಳವೆಗಳು ನಿಂತಿರ್ತಾವೆ, ಡ್ರೈವರ್‌ಗೆ ಗುರಿ ಸಿಗಲಿ ಅಂತ. ನಡುವೆ ರೋಲರ್, ಎರಡು ಪಕ್ಕ ಬಟ್ಟೆ ಸುತ್ತಿದ ಉದ್ದ ಹಲಗೆ, ಮುಂದೆ ಕೈರಾಟೆ. ಪ್ರತಿಯೊಂದೂ ಮಾರ್ಟನ್‌ನ ಗಾಡಿಯಲ್ಲಿ ಇದ್ದದ್ದೇ. ಹಳಿ ಹೋಗಿ ಟೈರ್ ಬಂತು, ಕ್ಯಾಪ್‌ಸ್ಟನ್ ಹೋಗಿ ಪಿಕಪ್ ಬಂತು. ಸರ್ವೀಸ್ ಪ್ಯಾಕ್ ಬದಲಾದರೂ ಆರ್ಕಿಟೆಕ್ಚರ್ ಅದೇ ಅಂತೀವಲ್ಲ, ಹಾಗೆ.

ಹಡಗಿನ ಹೊಟ್ಟೆಗೆ ಆಸರೆ ಕೊಡೋ ಆ ದಿಮ್ಮಿಗಳ ವಿಷಯ ಒಂದು ನಿಮಿಷ. ಮೊದಲ ಪೇಟೆಂಟಿನಲ್ಲಿ ಅವು ಕೀಲು ಹಾಕಿದ ತೋಳುಗಳ ಮೇಲಿದ್ದವು, ಹಡಗಿನ ಪಕ್ಕಕ್ಕೆ ಒರಗೋ ಹಾಗೆ ಎದ್ದು ನಿಲ್ಲುತ್ತಿದ್ದವು. ಅದು ಸರಿಹೋಗಲಿಲ್ಲ. ಅಡ್ಡ ತೊಲೆಗಳ ಮೇಲೆ ಜಾರೋ ದಿಮ್ಮಿಗಳು ಬಂದದ್ದು ಆಮೇಲೆ. ಅಂದ್ರೆ ಇಡೀ ಯಂತ್ರದಲ್ಲಿ ಅವನು ಮತ್ತೆ ಮಾಡಬೇಕಾಗಿ ಬಂದದ್ದು ಆ ನಡುವಿನ ಎರಡು ನಿಮಿಷವನ್ನ ಸಂಭಾಳಿಸೋ ಭಾಗವನ್ನೇ, ಅರ್ಧ ನೀರು ಅರ್ಧ ನೆಲದ ಹೊತ್ತನ್ನ.

ಜನ ಸುಲಭಕ್ಕೆ ಒಪ್ಪಲಿಲ್ಲ. ಹಡಗಿನ ಬೆನ್ನು ಮುರಿಯುತ್ತೆ ಅನ್ನೋ ಭಯ ಸಹಜ ತಾನೆ? ಮೊದಲನೇದನ್ನ ಬೋನೆಸ್ ಅನ್ನೋ ಊರಿನಲ್ಲಿ ತನ್ನ ದುಡ್ಡು ಹಾಕಿ ಮಾಡಿ ತೋರಿಸಬೇಕಾಯಿತು. ಆಮೇಲೆ ಇರ್ವಿನ್, ವೈಟ್‌ಹೇವನ್, ಡಂಬಾರ್ಟನ್. ಗೆದ್ದ ಕೂಡಲೇ ಕದಿಯೋರು ಹುಟ್ಟಿದರು. ಗ್ಲಾಸ್ಗೋದ ಸ್ಟಾಬ್‌ಕ್ರಾಸ್‌ನಲ್ಲಿ ಬಾರ್ಕ್ಲೆ ಅನ್ನೋನು ಅದೇ ತತ್ವದ ಮೇಲೆ ಒಂದನ್ನ ಕಟ್ಟಿಬಿಟ್ಟ. ಕೇಸು 1824ರಲ್ಲಿ ಎಡಿನ್‌ಬರೋದಲ್ಲಿ ನಡೆಯಿತು. ಮಾರ್ಟನ್ ಪರ ಸಾಕ್ಷಿ ಹೇಳಿದವರಲ್ಲಿ ಆರ್ಕ್ಟಿಕ್ ಸಮುದ್ರದ ತಿಮಿಂಗಿಲ ಬೇಟೆಯ ಹಡಗುಗಳನ್ನ ನಡೆಸಿದ್ದ ವಿಲಿಯಂ ಸ್ಕೋರ್ಸ್‌ಬಿ, ನೌಕಾಪಡೆಯ ಕ್ಯಾಪ್ಟನ್ ಬೇಸಿಲ್ ಹಾಲ್ ಅಂಥವರಿದ್ದರು. ಮಾರ್ಟನ್ ಗೆದ್ದ.

ಆಗಿನ ಪೇಟೆಂಟಿನ ಆಯುಸ್ಸು 14 ವರ್ಷ. ಒಪ್ಪಿಸೋದರಲ್ಲಿ, ಕೋರ್ಟಿನಲ್ಲಿ ಅರ್ಧ ಕಳೆದುಹೋಗಿತ್ತು. 1832ರಲ್ಲಿ ಅವಧಿ ವಿಸ್ತರಿಸಿ ಅಂತ ಪಾರ್ಲಿಮೆಂಟಿನಲ್ಲಿ ಮಸೂದೆ ಬಂತು. ಆ ಹೊತ್ತಿಗೆ ನಲವತ್ತು ಕಡೆ ಅವನ ಸ್ಲಿಪ್ ಕೆಲಸ ಮಾಡ್ತಿತ್ತು. ಮಸೂದೆ ಬಿದ್ದುಹೋಯಿತು. ಸಮಿತಿಯವರು ಇವನಿಗೆ ಬೇರೆ ರೀತಿಯಲ್ಲಿ ಬಹುಮಾನ ಕೊಡೋ ದಾರಿ ಇಲ್ಲವಲ್ಲ ಅಂತ ವಿಷಾದ ವ್ಯಕ್ತಪಡಿಸಿದರು. ಅಪ್ರೈಸಲ್ ಮೀಟಿಂಗಿನಲ್ಲಿ ಇಂಥ ಮಾತು ಕೇಳಿದವರು ನಮ್ಮಲ್ಲಿ ಬಹಳ ಜನ ಇರಬಹುದು. ಅದೇ 1832ರಲ್ಲಿ ಮಾರ್ಟನ್ ತೀರಿಕೊಂಡ. ಪೇಟೆಂಟ್ ಸ್ಲಿಪ್ ಅನ್ನೋ ಹೆಸರು ಮಾತ್ರ ಜಗತ್ತಿನ ಬಂದರುಗಳಲ್ಲಿ ಉಳಿಯಿತು, ಪೇಟೆಂಟ್ ಯಾರದ್ದು ಅನ್ನೋದು ಮರೆತುಹೋದ ಮೇಲೂ.

ನಮ್ಮ ಕಡೆ ಏನು ನಡೀತಿತ್ತು? ಚೆನ್ನೈನಲ್ಲಿರೋರು ಒಂದು ಸಲ ಮರೀನಾ ಬೀಚಿನಲ್ಲಿ ನಿಂತು ಅಲೆ ಒಡೆಯೋದನ್ನ ನೋಡಿ. ಇಂಗ್ಲಿಷರು ಮದ್ರಾಸಿನಲ್ಲಿ ಕೋಟೆ ಕಟ್ಟಿದ್ದು ಬಂದರೇ ಇಲ್ಲದ ಕರಾವಳಿಯಲ್ಲಿ. ಹಡಗು ದೂರದಲ್ಲಿ ಲಂಗರು ಹಾಕಬೇಕು, ಜನ ಸರಕು ಎರಡೂ ಮಸೂಲಾ ದೋಣಿಯಲ್ಲಿ ಅಲೆ ದಾಟಿ ಬರಬೇಕು. ಮಸೂಲಾ ದೋಣಿಗೆ ಮೊಳೆ ಇಲ್ಲ, ಒಳಗೆ ಪಕ್ಕೆಲುಬು ಇಲ್ಲ. ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದಿರ್ತಾರೆ. ಅಲೆ ಎತ್ತಿ ದಡಕ್ಕೆ ಬಡಿದಾಗ ಯುರೋಪಿನ ಗಟ್ಟಿ ದೋಣಿ ಬಿರಿಯುತ್ತೆ, ಇದು ಬಾಗುತ್ತೆ. ಇನ್ನು ಕಟ್ಟುಮರ, ಹೆಸರೇ ಹೇಳೋ ಹಾಗೆ ಕಟ್ಟಿದ ಮರದ ದಿಮ್ಮಿಗಳು. ಮೀನು ಹಿಡಿದು ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನ ಬೇರೆ ಬೇರೆ ಮಾಡಿ ಮರಳಿನಲ್ಲಿ ಒಣಗಿಸೋರು. ಎಳೆಯೋ ಸಮಸ್ಯೆಗೆ ಇದಕ್ಕಿಂತ ಜಾಣ ಉತ್ತರ ನಾನು ಬೇರೆಲ್ಲೂ ನೋಡಿಲ್ಲ. ದೋಣಿಯನ್ನ ಮೇಲೆತ್ತೋದು ಕಷ್ಟಾನಾ? ದಡ ಮುಟ್ಟಿದ ಕೂಡಲೇ ಅದು ದೋಣಿಯಾಗಿ ಇರೋದೇ ಬೇಡ! ಮದ್ರಾಸಿಗೆ ಕೃತಕ ಬಂದರು ಕಟ್ಟೋ ಕೆಲಸ ಶುರುವಾದದ್ದು 1870ರ ದಶಕದಲ್ಲಿ, ಅದನ್ನೂ 1881ರ ಚಂಡಮಾರುತ ಹಾಳುಮಾಡಿತು. ಈಗ ಫೈಬರ್ ದೋಣಿಗಳು ಬಂದಿವೆ, ಅವನ್ನ ಬಿಚ್ಚೋಕಾಗಲ್ಲ. ತಮಿಳುನಾಡಿನ ಹಲವು ಮೀನುಗಾರ ಕುಪ್ಪಗಳಲ್ಲಿ ಅದಕ್ಕೇ ಟ್ರ್ಯಾಕ್ಟರ್ ಕಾಣುತ್ತೆ.

ನಮ್ಮ ಕರ್ನಾಟಕದ ಕರಾವಳಿಗೆ ಆ ಕಷ್ಟ ಅಷ್ಟಿರಲಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ನೇತ್ರಾವತಿ, ಹೀಗೆ ಸಾಲಾಗಿ ಅಳಿವೆಗಳು. ದೋಣಿ ನದಿಯೊಳಗೆ ಬಂದುಬಿಟ್ಟರೆ ಅಲೆ ಇಲ್ಲ. ಅಳಿವೆ ದಾಟೋದೇ ಅಪಾಯ, ಆಮೇಲೆ ನೆಮ್ಮದಿ. ಆದರೂ ಜೂನ್ ಒಂದರಿಂದ ಜುಲೈ ಕೊನೆವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ ಇರುವಾಗ ಮಲ್ಪೆಗೋ ಗಂಗೊಳ್ಳಿಗೋ ಹೋಗಿ ನೋಡಿ, ನಾಡದೋಣಿಯವರು ಅದೇ ಮಳೆಯಲ್ಲಿ ಕಡಲಿಗಿಳೀತಾರೆ, ಭುಜ ಕೊಟ್ಟು ದೋಣಿ ಮೇಲೆತ್ತುತಾರೆ.

ಅಮೆರಿಕದ ಭಾಗ ಬೇಗ ಹೇಳಿ ಮುಗಿಸ್ತೀನಿ. ಓಲೆ ಎವಿನ್ರೂಡ್ ಮಿಲ್ವಾಕಿಯಲ್ಲಿ 1909ರಲ್ಲಿ ದೋಣಿಯ ಹಿಂದೆ ಸಿಕ್ಕಿಸೋ ಮೋಟಾರು ಮಾರೋಕೆ ಶುರು ಮಾಡಿದ. ಎರಡನೇ ಮಹಾಯುದ್ಧದ ಮೇಲೆ ಫೈಬರ್‌ಗ್ಲಾಸ್ ದೋಣಿ, ಕಾರು, ಹೆದ್ದಾರಿ ಎಲ್ಲ ಒಟ್ಟಿಗೆ ಸೇರಿ ಮಧ್ಯಮವರ್ಗದ ಮನೆಯ ಅಂಗಳಕ್ಕೆ ದೋಣಿ ಬಂತು. ಆದರೆ ದೋಣಿ ಇದ್ದರೆ ಸಾಲದು, ಇಳಿಸೋಕೆ ಸಾರ್ವಜನಿಕ ಜಾಗ ಬೇಕಲ್ಲ. 1950ರ ಡಿಂಗೆಲ್–ಜಾನ್ಸನ್ ಕಾಯ್ದೆ ಮೀನುಗಾರಿಕೆ ಸಾಮಾನಿನ ತೆರಿಗೆಯನ್ನ ರಾಜ್ಯಗಳ ಮೀನು ಸಂರಕ್ಷಣೆಗೆ ಕೊಡಿಸಿತು. 1984ರ ತಿದ್ದುಪಡಿ ಅದರಲ್ಲಿ ಒಂದು ಪಾಲನ್ನ ದೋಣಿಗಳಿಗೆ ನೀರಿನ ದಾರಿ ಮಾಡಿಕೊಡೋಕೇ ಖರ್ಚು ಮಾಡಬೇಕು ಅಂದಿತು. ಗಾಳ ಕೊಂಡವನ ತೆರಿಗೆಯಲ್ಲಿ ರ‍್ಯಾಂಪ್. ಅಲ್ಲಿ ಇನ್ನೊಂದು ತಮಾಷೆ ನಡೀತು. ಕೈರಾಟೆ ತಿರುಗಿಸೋ ಸೋಮಾರಿತನಕ್ಕೆ ಜನ ಮೋಟಾರ್ ಜೋರು ಮಾಡಿ ದೋಣಿಯನ್ನ ನೇರ ಟ್ರೇಲರ್ ಮೇಲೆ ಹತ್ತಿಸೋಕೆ ಶುರು ಮಾಡಿದರು. ಪ್ರೊಪೆಲರ್ ರಭಸಕ್ಕೆ ಕಾಂಕ್ರೀಟ್ ಮುಗಿಯೋ ಜಾಗದಲ್ಲಿ ತಳ ಕೊರೆದು ಗುಂಡಿ ಬೀಳುತ್ತೆ, ಮುಂದಿನವನ ಟ್ರೇಲರ್ ಚಕ್ರ ಅದರೊಳಗೆ. ಎಷ್ಟೋ ಕಡೆ ಈಗ ಅದಕ್ಕೆ ನಿಷೇಧ ಇದೆ.

ಅದಕ್ಕಿಂತ ಗಂಭೀರವಾದದ್ದು ಜೀಬ್ರಾ ಮಸೆಲ್, ಉಗುರಿನಷ್ಟು ದೊಡ್ಡ ಪಟ್ಟೆಪಟ್ಟೆ ಚಿಪ್ಪುಜೀವಿ. ಸಾಗರದ ಹಡಗುಗಳ ಭಾರದ ನೀರಿನಲ್ಲಿ ಯುರೋಪಿನಿಂದ ಬಂದು 1988ರಲ್ಲಿ ಮಹಾಸರೋವರಗಳಲ್ಲಿ ಪತ್ತೆಯಾಯಿತು. ಅಲ್ಲಿಂದ ಒಳನಾಡಿನ ನೂರಾರು ಕೆರೆಗಳಿಗೆ ಅದು ನಡೆದು ಹೋಗಲಿಲ್ಲ, ಟ್ರೇಲರ್ ಮೇಲೆ ಹೋಯಿತು. ಒಂದು ಕೆರೆಯಿಂದ ಮೇಲೆ ಬಂದ ದೋಣಿ, ಒಣಗದೇ, ಮುಂದಿನ ಶನಿವಾರ ಇನ್ನೊಂದು ಕೆರೆಗೆ. ಮಿನೆಸೋಟಕ್ಕೆ ಆನ್‌ಸೈಟ್ ಹೋದವರು ರ‍್ಯಾಂಪ್ ಪಕ್ಕದಲ್ಲಿ ತೊಳೆಯಿರಿ, ನೀರು ಬಸಿಯಿರಿ, ಒಣಗಿಸಿ ಅನ್ನೋ ಬೋರ್ಡು ನೋಡಿರ್ತೀರಿ, ಅದರ ಹಿನ್ನೆಲೆ ಇದು.

ಈಗ ಮೊದಲೇ ಹೇಳಿದ್ದ ಕೇರಳಕ್ಕೆ. ಕೋಳಿಕ್ಕೋಡ್ ಪಕ್ಕದ ಬೇಪೂರ್. ಚಾಲಿಯಾರ್ ನದಿ ಕಡಲು ಸೇರೋ ಜಾಗ. ಉರು ಅನ್ನೋ ದೊಡ್ಡ ಮರದ ಹಡಗುಗಳನ್ನ ಅಲ್ಲಿ ಕಟ್ತಾರೆ, ಕೊಲ್ಲಿ ದೇಶಗಳ ಶ್ರೀಮಂತರು ಆರ್ಡರ್ ಕೊಡ್ತಾರೆ. ಕಟ್ಟೋ ಆಚಾರಿಗಳು ಕಾಗದದ ನಕ್ಷೆ ಇಲ್ಲದೇ ಕಟ್ಟೋರು ಅಂತ ಎಲ್ಲ ಪ್ರವಾಸಿ ಲೇಖನಗಳಲ್ಲೂ ಬರುತ್ತೆ. ಆದರೆ ಕಟ್ಟಿದ ನೂರಾರು ಟನ್ನಿನ ಉರುವನ್ನ ನೀರಿಗೆ ಮುಟ್ಟಿಸೋರು, ರಿಪೇರಿಗೆ ಬಂದದ್ದನ್ನ ದಡಕ್ಕೆ ಎಳೆಯೋರು ಬೇರೆ ಜನ. ಮಾಪ್ಪಿಳ ಖಲಾಸಿಗಳು. ನಮಗೆ ಖಲಾಸಿ ಅಂದ್ರೆ ರೈಲ್ವೆಯ ಒಂದು ಹುದ್ದೆ ಅಷ್ಟೇ ಗೊತ್ತು. ಮಲಬಾರಿನಲ್ಲಿ ಅದು ಒಂದು ವಿದ್ಯೆಯ ಹೆಸರು.

ಅವರ ಸಾಮಾನು ನೋಡಿ: ಉರುಳುದಿಮ್ಮಿ, ಹಗ್ಗ, ಕಪ್ಪಿ, ಅಂದ್ರೆ ನಮ್ಮ ಬಾವಿಕಟ್ಟೆಯ ರಾಟೆ, ಮತ್ತೆ ದಾವರ್. ದಾವರ್ ಅಂದ್ರೆ ನೆಟ್ಟಗೆ ನಿಲ್ಲಿಸಿದ ಮರದ ಉರುಳೆ. ಅದರ ತಲೆಗೆ ಉದ್ದನೆಯ ಗಳಗಳನ್ನ ತೂರಿಸಿ ಹತ್ತಾರು ಜನ ಸುತ್ತ ನಡೀತಾರೆ, ಹಗ್ಗ ಸುತ್ತಿಕೊಳ್ಳುತ್ತೆ. ಗಾಣ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾರ್ಟನ್ ಬಳಸಿದ ಕ್ಯಾಪ್‌ಸ್ಟನ್ ಕೂಡ ಇದೇ ತತ್ವ. ಆರ್ಕಿಮಿಡೀಸ್ ಲೆಕ್ಕ ಅವರಿಗೂ ಗೊತ್ತು, ಬೇರೆ ಭಾಷೆಯಲ್ಲಿ: ಎಷ್ಟು ಕಪ್ಪಿ ಹಾಕಿದರೆ ಎಷ್ಟು ಜನ ಸಾಕು, ಎಷ್ಟು ನಿಧಾನ ಆಗುತ್ತೆ. ಹಗ್ಗ ಎಲ್ಲಿ ಕಟ್ಟಬೇಕು, ಯಾವ ಉರುಳು ಮೊದಲು ಭಾರ ತಗೊಳ್ಳುತ್ತೆ, ಭರತದ ನೀರು ಯಾವ ಹೊತ್ತಿಗೆ ಎಲ್ಲಿವರೆಗೆ ಬರುತ್ತೆ, ಇದನ್ನೆಲ್ಲ ಮೂಪ್ಪನ್ ನೋಡ್ತಾನೆ. ತಾಳ ಹಾಡಿನದು. ಒಬ್ಬ ಕೂಗ್ತಾನೆ, ಮಿಕ್ಕವರು ಉತ್ತರ ಕೊಡೋ ಆ ಕ್ಷಣದಲ್ಲೇ ಎಲ್ಲರ ಬಲ ಒಟ್ಟಿಗೆ ಬೀಳಬೇಕು. ಐವತ್ತು ಜನ ಬೇರೆ ಬೇರೆ ಹೊತ್ತಿಗೆ ಎಳೆದರೆ ಉರು ಅಲ್ಲಾಡಲ್ಲ, ಹಾಡು ಅಲ್ಲಿ ಮನರಂಜನೆ ಅಲ್ಲ, ಗಡಿಯಾರ.

1988ರ ಜುಲೈ 8. ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರಿನ ಪೆರುಮಣ್ ಸೇತುವೆ ಮೇಲೆ ಹಳಿ ತಪ್ಪಿತು. ಬೋಗಿಗಳು ನೀರಿಗೆ ಬಿದ್ದವು. ನೂರಕ್ಕೂ ಹೆಚ್ಚು ಜನ ಸತ್ತರು. ಆ ರೈಲು ಇವತ್ತೂ ಬೆಂಗಳೂರು–ಕನ್ಯಾಕುಮಾರಿ ಓಡ್ತಾ ಇದೆ, ನಿಮ್ಮಲ್ಲಿ ಎಷ್ಟೋ ಜನ ಅದರಲ್ಲಿ ಹೋಗಿರ್ತೀರಿ. ಸುಳಿಗಾಳಿ ಕಾರಣ ಅಂತ ಅಧಿಕೃತ ತನಿಖೆ ಹೇಳಿತು, ಅದನ್ನ ನಂಬದವರು ಕೇರಳದಲ್ಲಿ ಈಗಲೂ ಬಹಳ. ಕೆಸರಿನ ತಳದ ಹಿನ್ನೀರಿನಲ್ಲಿ ನೀರು ತುಂಬಿದ ಬೋಗಿ, ಒಳಗೆ ಜನ. ಕ್ರೇನ್‌ಗೆ ನಿಲ್ಲೋಕೆ ಗಟ್ಟಿ ನೆಲವೇ ಸಿಗದ ಜಾಗ. ಆಗ ಕರೆಸಿದ್ದು ಮಲಬಾರಿನ ಖಲಾಸಿಗಳನ್ನ. ಅವರು ತಮ್ಮ ಕಪ್ಪಿ, ಹಗ್ಗ, ದಾವರ್ ತಂದರು. ಉರುವನ್ನ ಎಳೆಯೋ ಹಾಗೇ ಬೋಗಿಗಳನ್ನ ದಡದ ಕಡೆಗೆ ಎಳೆದರು.

ಯೋಚನೆ ಮಾಡಿ, ಖಾಲಿ ದೋಣಿಯನ್ನಾದರೆ ನೀರು ಹೊತ್ತಿರುತ್ತೆ. ಮುಳುಗಿದ ಬೋಗಿ ತೇಲಲ್ಲ. ಮೇಲೆ ಬರ್ತಾ ಬರ್ತಾ ಒಳಗಿನ ನೀರಿನ ಭಾರವೂ ಸೇರಿಕೊಳ್ಳುತ್ತೆ, ಅದು ಕಿಟಕಿಯಿಂದ ಸುರಿದು ಹೋಗೋಕೆ ಸಮಯ ಕೊಡಬೇಕು, ಕೆಸರು ಹೀರಿಕೊಂಡದ್ದನ್ನ ಒಂದೇ ಏಟಿಗೆ ಕಿತ್ತರೆ ಹಗ್ಗ ಹರಿದು ಎಳೆಯೋರ ಮೈಮೇಲೇ ಬರುತ್ತೆ. ಎಂಜಿನ್ನಿಗೆ ಈ ನಿಧಾನ ಗೊತ್ತಿಲ್ಲ. ದಾವರ್ ಸುತ್ತ ನಡೆಯೋನ ಎದೆಗೆ ಹಗ್ಗದ ಬಿಗಿ ಗೊತ್ತಾಗುತ್ತೆ, ಎಲ್ಲಿ ನಿಲ್ಲಿಸಬೇಕು ಅನ್ನೋದೂ. ಮನೆಯವರು ದಡದಲ್ಲಿ ಕಾಯ್ತಾ ನಿಂತಿರುವಾಗ ಅವರು ಮಾಡಿದ್ದು ಆ ಕೆಲಸ. ಪೆರುಮಣ್ ದುರಂತದ ಬಗ್ಗೆ ಬರೆಯುವಾಗ ಸುಳಿಗಾಳಿಯ ವಾದಕ್ಕೆ ಪುಟಗಟ್ಟಲೆ ಸಿಗುತ್ತೆ, ಇವರಿಗೆ ಒಂದೆರಡು ಸಾಲು. ಪ್ಲುಟಾರ್ಕನ ಅರ್ಧ ವಾಕ್ಯಕ್ಕಿಂತ ವಾಸಿ ಅನ್ನಬೇಕೇನೋ.

ಈಗ ಉರು ಕಟ್ಟೋ ಕೆಲಸವೂ ಕಡಿಮೆ, ಬರೋ ಆರ್ಡರ್‌ಗಳು ಹೆಚ್ಚಾಗಿ ವಿಹಾರನೌಕೆಗೆ. ಹೈಡ್ರಾಲಿಕ್ ಜ್ಯಾಕೂ ಕ್ರೇನೂ ಎಲ್ಲ ಕಡೆ ಸಿಗುತ್ತೆ. ಆದರೂ ಉರು ಇಳಿಸೋ ದಿನ ಬೇಪೂರಿನಲ್ಲಿ ಖಲಾಸಿಗಳೇ ಬೇಕು.

ವಿಡಿಯೋ ಕೆಳಗೆ ಯಾರೋ ಕೇಳೋಕೆ ಮುಂಚೆ ಹೇಳಿಬಿಡ್ತೀನಿ, ಅವರು ಹಾಡೋವಾಗ ಕೊನೆಗೆ ಬರೋ ಕೂಗು ನಿಮಗೆ ಗೊತ್ತಿರೋದೇ. ನಾವು ಕಲ್ಲುಕಂಬ ಎತ್ತುವಾಗ, ತೇರು ಎಳೆಯುವಾಗ, ಶಾಲೆಯ ಹಗ್ಗಜಗ್ಗಾಟದಲ್ಲಿ ಕೂಗೋ ಐಲೇಸಾ. ಚೆನ್ನೈನ ಕುಪ್ಪಗಳಲ್ಲಿ ಅದು ಐಲಸಾ, ತೆಲುಗಿನಲ್ಲಿ ಹೈಲೆಸ್ಸಾ. ನೀವು ಯಾವ ಊರಿನಲ್ಲಿದ್ದೀರೋ ಅಲ್ಲಿ ಏನಂತ ಕೂಗ್ತಾರೆ, ಕೇಳಿಸಿಕೊಂಡು ಬರೆದು ಕಳಿಸಿ. ಮರಾಠಿ ಕೋಳಿಗರ ಕೂಗು ಗೊತ್ತಿರೋ ಮುಂಬೈನವರು ಮುಖ್ಯವಾಗಿ. ಮುಂದಿನ ವಾರ ಸಿಗೋಣ.